ಕಾರಿನ ಗಾಜಿಗೆ ಎಫ್‌ಎಂ ಆಂಟೆನಾ: ಅಂಟಿಸುವುದು ಸುಲಭ, ಅರ್ತ್ ಕೊಡುವುದೇ ಕೆಲಸ

ಚಾವಣಿ ಮೇಲಿನ ಆಂಟೆನಾ ಕಡ್ಡಿ ಮುರಿದಿದೆ, ಇಲ್ಲವೇ ವಾಟರ್ ವಾಶ್‌ಗೆ ಬಿಟ್ಟಾಗ ಬಿಚ್ಚಿದ್ದು ಮತ್ತೆ ಸಿಕ್ಕಿಲ್ಲ. ಹಳೆಯ ಗಾಡಿಗೆ ಹೊಸ ಸ್ಟೀರಿಯೊ ಹಾಕಿಸಿದ ಮೇಲೆ ಹಾಡಿಗಿಂತ ಗೊರಗೊರ ಸದ್ದೇ ಜಾಸ್ತಿ. ಇಂಥ ಗಾಡಿಗೆ ಮುಂದಿನ ಗಾಜಿನ ಒಳಬದಿಗೆ ಅಂಟಿಸುವ ಆಂಟೆನಾ ಒಂದು ಒಳ್ಳೆಯ ದಾರಿ. ಗಾಡಿಯ ಬಾಡಿಯಲ್ಲಿ ತೂತು ಕೊರೆಯಬೇಕಿಲ್ಲ, ಮಳೆಗಾಲದಲ್ಲಿ ಸೋರುವ ಭಯವಿಲ್ಲ, ಒಂದು ಭಾನುವಾರ ಬೆಳಿಗ್ಗೆ ಕೂತರೆ ಮುಗಿಯುತ್ತದೆ. ಹಾಕಿದ ಮೇಲೂ ರೇಡಿಯೊ ಸುಧಾರಿಸದಿದ್ದರೆ ತಪ್ಪು ಸಾಮಾನ್ಯವಾಗಿ ಗಾಜಿನ ಮೇಲೆ ಇರುವುದಿಲ್ಲ. ಗಾಜಿನ ಪಕ್ಕದ ಕಂಬದ, ಅಂದರೆ ಪಿಲ್ಲರ್ ಒಳಗೆ ಗಾಡಿಯ ಲೋಹಕ್ಕೆ ಕೊಡುವ ಅರ್ತ್‌ನಲ್ಲೋ, ಆಂಟೆನಾಗೆ ಕರೆಂಟ್ ಕೊಡುವ ಸ್ಟೀರಿಯೊ ಹಿಂದಿನ ನೀಲಿ ವೈರ್‌ನಲ್ಲೋ ಇರುತ್ತದೆ. ಅದಕ್ಕೇ ಆ ಎರಡರ ಬಗ್ಗೆ ಇಲ್ಲಿ ಸ್ವಲ್ಪ ಉದ್ದವಾಗಿಯೇ ಬರೆದಿದೆ.

ಕೊಳ್ಳುವ ಮೊದಲು ಹಳೆಯದನ್ನು ನೋಡಿ

ರೇಡಿಯೊ ಸರಿಯಾಗಿ ಬರುತ್ತಿಲ್ಲ ಎಂದ ಮಾತ್ರಕ್ಕೆ ಹೊಸ ಆಂಟೆನಾ ಬೇಕು ಎಂದಲ್ಲ. ಮೊದಲು ಸ್ಟೀರಿಯೊವನ್ನು ಹೊರಗೆಳೆದು ಹಿಂದಿನ ಆಂಟೆನಾ ಪ್ಲಗ್ ಗಟ್ಟಿಯಾಗಿ ಕೂತಿದೆಯೇ ನೋಡಿ. ಹೊಂಡ ತುಂಬಿದ ರಸ್ತೆಯಲ್ಲಿ ಅದು ಅರ್ಧ ಜಾರಿರುವುದು ಅಪರೂಪವೇನಲ್ಲ. ಒತ್ತಿ ಕೂರಿಸಿದರೆ ಅಲ್ಲಿಗೇ ಕೆಲಸ ಮುಗಿಯಬಹುದು.

ಹಳೆಯ ಕಡ್ಡಿ ಆಂಟೆನಾದಲ್ಲಿ ಸಿಗ್ನಲ್ ಹೆಚ್ಚಿಸುವ ಆಂಪ್ಲಿಫೈಯರ್ ಇಲ್ಲದಿದ್ದರೆ ಮಲ್ಟಿಮೀಟರ್‌ನಿಂದ ಮೂರು ಪರೀಕ್ಷೆ ಸಾಕು. ಪ್ಲಗ್ಗಿನ ನಡುವಿನ ಪಿನ್ನಿಗೂ ಚಾವಣಿಯ ಕಡ್ಡಿಗೂ ನಡುವೆ ಬೀಪ್ ಬರಬೇಕು. ಪ್ಲಗ್ಗಿನ ಹೊರಗಿನ ಲೋಹಕ್ಕೂ ಗಾಡಿಯ ಬಾಡಿಗೂ ನಡುವೆ 1 ಓಮ್‌ಗಿಂತ ಕಡಿಮೆ ತೋರಿಸಬೇಕು. ಪಿನ್ನಿಗೂ ಹೊರ ಲೋಹಕ್ಕೂ ನಡುವೆ ಏನೂ ತೋರಿಸಬಾರದು. ಮೂರನೆಯದರಲ್ಲಿ ಬೀಪ್ ಬಂದರೆ ಚಾವಣಿಯ ಬುಡದಲ್ಲಿ ನೀರು ಇಳಿದಿದೆ, ಇಲ್ಲವೇ ಕೇಬಲ್ ಎಲ್ಲೋ ನಜ್ಜುಗುಜ್ಜಾಗಿದೆ.

ಇನ್ನೊಂದು ಸಂದರ್ಭವಿದೆ. ಗಿಡ್ಡ ಕಡ್ಡಿ ಅಥವಾ ಶಾರ್ಕ್ ಫಿನ್ ಇರುವ ಬಹಳಷ್ಟು ಗಾಡಿಗಳಲ್ಲಿ ಆಂಟೆನಾ ಬುಡದಲ್ಲೇ ಚಿಕ್ಕ ಆಂಪ್ಲಿಫೈಯರ್ ಇರುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಗಾಡಿಗಳಲ್ಲಿ ಅದಕ್ಕೆ ಕರೆಂಟ್ ಹೋಗುವುದು ಆಂಟೆನಾ ಕೇಬಲ್ ಮೂಲಕವೇ. ಕಂಪನಿಯ ಸ್ಟೀರಿಯೊ ತೆಗೆದು ಹೊರಗಿನದನ್ನು ಹಾಕಿದರೆ ಆ ಕರೆಂಟ್ ನಿಂತುಹೋಗುತ್ತದೆ, ರೇಡಿಯೊ ಮಂಕಾಗುತ್ತದೆ. ಇದಕ್ಕೆ ಬೇಕಾದದ್ದು ಹೊಸ ಆಂಟೆನಾ ಅಲ್ಲ, ಫ್ಯಾಂಟಮ್ ಪವರ್ ಅಡಾಪ್ಟರ್: ಒಂದು ತುದಿಯಲ್ಲಿ ಗಾಡಿಯ ಆಂಟೆನಾ ಕೇಬಲಿನ ಫಾಕ್ರಾ ಎಂಬ ನಮೂನೆಯ ಪ್ಲಗ್ಗಿಗೆ ಹೊಂದುವ ಸಾಕೆಟ್, ಇನ್ನೊಂದು ತುದಿಯಲ್ಲಿ ಸ್ಟೀರಿಯೊಗೆ ಹೋಗುವ ಮಾಮೂಲಿ ದಪ್ಪ ಪ್ಲಗ್, ಪಕ್ಕದಲ್ಲಿ ಒಂದು ನೀಲಿ ವೈರ್.

ಬೆಂಗಳೂರಿನ 612 ಅಥವಾ ಧಾರವಾಡದ 765 ಕಿಲೋಹರ್ಟ್ಸ್ ಕೇಳುವವರು, ಅಂದರೆ ಮೀಡಿಯಂ ವೇವ್ ಬೇಕೆನ್ನುವವರು, ಚಾವಣಿಯ ಕಡ್ಡಿಯನ್ನೇ ಸರಿ ಮಾಡಿಸಿಕೊಳ್ಳಿ. ಗಾಜಿನ ಆಂಟೆನಾ ಎಫ್‌ಎಂಗೆ ಹೇಳಿ ಮಾಡಿಸಿದ್ದು. ಮೀಡಿಯಂ ವೇವ್ ಅದರಲ್ಲಿ ಹೆಸರಿಗಷ್ಟೇ.

ಏನು ಕೊಳ್ಳಬೇಕು

ಆನ್‌ಲೈನ್‌ನಲ್ಲಿ ಹುಡುಕಿದರೆ 'ಡಿಜಿಟಲ್ ಟಿವಿ ಆಂಟೆನಾ' ಎಂಬ ತೆಳು ಪಾರದರ್ಶಕ ಫಿಲ್ಮುಗಳೂ ಸಿಗುತ್ತವೆ. ಅವು ಜಪಾನಿನಂಥ ಕಡೆ ಕಾರಿನಲ್ಲಿ ಟಿವಿ ನೋಡುವವರಿಗಾಗಿ ಮಾಡಿದ್ದು, 470 ಮೆಗಾಹರ್ಟ್ಸ್‌ನಿಂದ ಮೇಲಿನ ಅಲೆಗಳಿಗೆ. ಎಫ್‌ಎಂ ಇರುವುದು 88ರಿಂದ 108ರಲ್ಲಿ. ಆ ಫಿಲ್ಮ್ ಇಲ್ಲಿ ಕೆಲಸಕ್ಕೆ ಬಾರದು. ಟಿವಿಗೇ ಹಾಕಿಕೊಳ್ಳೋಣ ಎಂದರೆ ನಮ್ಮಲ್ಲಿ ದೂರದರ್ಶನದ ಅನಲಾಗ್ ಟ್ರಾನ್ಸ್‌ಮಿಟರುಗಳು 2022ರ ಹೊತ್ತಿಗೆ ಬಹುತೇಕ ಮುಚ್ಚಿಹೋದವು.

ನೋಡಬೇಕಾದದ್ದು ಇಷ್ಟು: ಎಫ್‌ಎಂ ಎಂದು ಸ್ಪಷ್ಟವಾಗಿ ಬರೆದಿರಬೇಕು. ಬೆಂಕಿಪೊಟ್ಟಣದಷ್ಟು ದೊಡ್ಡ ಆಂಪ್ಲಿಫೈಯರ್ ಡಬ್ಬಿ ಇರಬೇಕು. ಕೇಬಲ್ ಕನಿಷ್ಠ 2.5 ಮೀಟರ್ ಇರಬೇಕು. ಪಿಲ್ಲರ್ ಇಳಿದು ಗ್ಲೋವ್ ಬಾಕ್ಸ್ ಹಿಂದಿನಿಂದ ಸ್ಟೀರಿಯೊ ಮುಟ್ಟುವಷ್ಟರಲ್ಲಿ ಅಷ್ಟು ಬೇಕೇ ಬೇಕು. ಡಬ್ಬಿಯಿಂದ ಅರ್ತ್‌ಗೆಂದು ಒಂದು ಲೋಹದ ಪಟ್ಟಿಯೋ ರಿಂಗ್ ಇರುವ ಚಿಕ್ಕ ವೈರೋ ಹೊರಟಿರಬೇಕು. ಅರ್ತ್ ಪಟ್ಟಿ ಇಲ್ಲದ, ಎರಡು ಕೈ ಚಾಚಿದಂತಿರುವ ಅಗ್ಗದ ನಮೂನೆಗಳೂ ಇವೆ. ಅವು ಕೇಬಲ್‌ನ ಹೊರ ಜಾಲರಿಯನ್ನೇ ಅರ್ತ್ ಎಂದು ನಂಬಿಕೊಂಡಿರುತ್ತವೆ. ಬೆಂಗಳೂರಿನೊಳಗೆ ನಡೆಯುತ್ತದೆ, ಊರು ದಾಟಿದ ಮೇಲೆ ವ್ಯತ್ಯಾಸ ಗೊತ್ತಾಗುತ್ತದೆ.

ಸ್ಟೀರಿಯೊದ ಪ್ಲಗ್ ಆಕಾರವನ್ನೂ ನೋಡಿಕೊಂಡೇ ಕೊಳ್ಳಿ. ಹೊರಗಿನ ಸ್ಟೀರಿಯೊಗಳಲ್ಲಿ ದಪ್ಪ ದುಂಡು ಪ್ಲಗ್ ಮಾಮೂಲಿ. ಕಂಪನಿಯಿಂದ ಬಂದ ಸ್ಟೀರಿಯೊಗಳಲ್ಲಿ ಒಂದೊಂದು ಗಾಡಿಗೆ ಒಂದೊಂದು ಆಕಾರ. ಹಳೆಯ ಪ್ಲಗ್ಗಿನ ಫೋಟೊ ಮೊಬೈಲಿನಲ್ಲಿ ಹಿಡಿದು ಅಂಗಡಿಗೆ ಹೋದರೆ, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೊಂದುವ ಅಡಾಪ್ಟರ್ ಸಿಗುತ್ತದೆ. ಪ್ಲಗ್ ಕತ್ತರಿಸಿ ವೈರ್ ಹೊಸೆದು ಟೇಪ್ ಸುತ್ತುವ ಕೆಲಸ ಆಂಟೆನಾ ಕೇಬಲ್‌ಗೆ ಸಲ್ಲದು. ಜಾಲರಿ ಬಿಟ್ಟುಹೋದ ಜಾಗದಲ್ಲೇ ಸುತ್ತಲಿನ ಗದ್ದಲವೆಲ್ಲ ಒಳನುಗ್ಗುತ್ತದೆ.

ಇದರ ಜೊತೆಗೆ ಪ್ಲಾಸ್ಟಿಕ್ ಟ್ರಿಮ್ ಟೂಲ್ ಎರಡು, ಮಲ್ಟಿಮೀಟರ್, 10 ನಂಬರ್ ಸ್ಪ್ಯಾನರ್, ಐಸೊಪ್ರೊಪಿಲ್ ಆಲ್ಕೊಹಾಲ್, ನೂಲು ಬಿಡದ ಬಟ್ಟೆ, ಪೇಪರ್ ಮಾಸ್ಕಿಂಗ್ ಟೇಪ್, ಬಟ್ಟೆಯ ವೈರಿಂಗ್ ಟೇಪ್, ಕೇಬಲ್ ಟೈ ಏಳೆಂಟು, 1 ಆಂಪ್ ಫ್ಯೂಸ್ ಇರುವ ಹೋಲ್ಡರ್ ಒಂದು, ಗದ್ದಲ ತಡೆಯಲು ವೈರಿಗೆ ಕ್ಲಿಪ್ ಮಾಡುವ ಫೆರೈಟ್ ಎರಡು. ಪಿಲ್ಲರ್ ಕ್ಲಿಪ್ಪುಗಳನ್ನೂ ಒಂದು ಜೊತೆ ಮೊದಲೇ ತಂದಿಟ್ಟುಕೊಂಡರೆ ಜಾಣತನ. ಕೆಲವು ಗಾಡಿಗಳಲ್ಲಿ ಅವು ಒಮ್ಮೆ ಕಿತ್ತರೆ ಮತ್ತೆ ಕೂರುವುದಿಲ್ಲ.

ಗಾಜಿನ ಮೇಲೆ ಜಾಗ

ಮುಂದಿನ ಗಾಜು, ಎಡಗಡೆ, ಅಂದರೆ ಪಕ್ಕದ ಸೀಟಿನ ಬದಿ, ಮೇಲಿನ ಮೂಲೆ. ಡ್ರೈವರ್ ಕಣ್ಣಿಗೆ ಅಡ್ಡ ಬರಬಾರದು, ವೈಪರ್ ಒರೆಸುವ ಜಾಗದ ನಡುವೆ ಬರಬಾರದು. ಗಾಜಿನ ಅಂಚಿನ ಲೋಹದಿಂದ ಆಂಟೆನಾ ತಂತಿ 4–5 ಸೆಂಟಿಮೀಟರ್ ದೂರ ಇರಲಿ. ಅಂದ ಕಾಣಲಿ ಎಂದು ಅಂಚಿಗೇ ಅಂಟಿಸಿದರೆ ಚಾವಣಿಯ ಲೋಹ ಸಿಗ್ನಲನ್ನು ನುಂಗುತ್ತದೆ. ಅಂಚಿನ ಕಪ್ಪು ಚುಕ್ಕಿಗಳ ಪಟ್ಟಿಯ ಮೇಲೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಅದನ್ನು ಬಿಟ್ಟು ಬರಿ ಗಾಜಿಗೆ ಬನ್ನಿ.

ಈಗ ಫಾಸ್ಟ್ಯಾಗ್. ಅದರೊಳಗೂ ಒಂದು ಪುಟ್ಟ ಆಂಟೆನಾ ಇದೆ. ಬ್ಯಾಟರಿ ಇಲ್ಲದೆ, ಟೋಲ್‌ನಿಂದ ಬರುವ 865–867 ಮೆಗಾಹರ್ಟ್ಸ್ ಅಲೆಯ ಶಕ್ತಿಯಿಂದಲೇ ಅದು ಉತ್ತರ ಕೊಡಬೇಕು. ಪಕ್ಕದಲ್ಲೇ ಲೋಹದ ತಂತಿ ಬಂದರೆ ಅದರ ಶ್ರುತಿ ಕೆಡುತ್ತದೆ, ಟೋಲ್‌ನಲ್ಲಿ ಗೇಟು ಏಳುವುದಿಲ್ಲ. ಹಿಂದಿನ ಗಾಡಿಗಳ ಹಾರ್ನ್ ಕೇಳಬೇಕಾಗುತ್ತದೆ. ಕನ್ನಡಿ ಹಿಂದಿನ ಫಾಸ್ಟ್ಯಾಗ್‌ನಿಂದ ಒಂದು ಗೇಣಾದರೂ ದೂರ ಬಿಡಿ. ಮಳೆ ಸೆನ್ಸರ್, ಲೇನ್ ನೋಡುವ ಕ್ಯಾಮೆರಾ ಇದ್ದರೆ ಅವುಗಳ ಮುಂದೆಯೂ ತಂತಿ ಹಾಯಬಾರದು.

ಗಾಜೇ ಅಡ್ಡಿಯಾಗುವುದೂ ಉಂಟು. ಬಿಸಿಲು ತಡೆಯಲು ಲೋಹದ ಲೇಪ ಇರುವ ಗಾಜು, ಆಮೇಲೆ ಅಂಟಿಸಿದ ಲೋಹದ ಅಂಶವಿರುವ ಫಿಲ್ಮ್, ಎರಡೂ ರೇಡಿಯೊ ಅಲೆಗೆ ಗೋಡೆ ಇದ್ದಂತೆ. ಅಂಥ ಗಾಡಿಯಲ್ಲಿ ಎಷ್ಟು ಒಳ್ಳೆಯ ಆಂಟೆನಾ ಅಂಟಿಸಿದರೂ ಪ್ರಯೋಜನ ಕಡಿಮೆ. ಇದನ್ನು ಅಂಟಿಸಿದ ಮೇಲೆ ತಿಳಿದುಕೊಳ್ಳುವುದಕ್ಕಿಂತ ಮೊದಲೇ ತಿಳಿಯುವುದು ಲೇಸು. ಹಿಂಬದಿಯ ಅಂಟಿನ ಕಾಗದ ತೆಗೆಯದೆಯೇ ಆಂಟೆನಾವನ್ನು ಮಾಸ್ಕಿಂಗ್ ಟೇಪಿನಿಂದ ಗಾಜಿಗೆ ನಿಲ್ಲಿಸಿ, ಅರ್ತ್ ವೈರನ್ನು ಬಾಗಿಲ ಬಳಿ ಕಾಣುವ ಯಾವುದಾದರೂ ಬರಿ ಲೋಹದ ಬೋಲ್ಟಿಗೆ ಸದ್ಯಕ್ಕೆ ಹಿಡಿಸಿ, ಪ್ಲಗ್ ಹಾಕಿ, ನೀಲಿ ವೈರಿನಿಂದ ಕರೆಂಟ್ ಕೊಟ್ಟು ಕೇಳಿ. ಪರೀಕ್ಷೆಗೆ ಜೋರಾಗಿ ಬರುವ ಸ್ಟೇಷನ್ ಬೇಡ. ನಿಮ್ಮ ಮನೆಯ ಹತ್ತಿರ ಅಳುಕುತ್ತಾ ಬರುವ ಒಂದನ್ನು ಆರಿಸಿಕೊಳ್ಳಿ. ಹಳೆಯ ಆಂಟೆನಾದಲ್ಲಿ ಅದು ಹೇಗಿತ್ತು, ಇದರಲ್ಲಿ ಹೇಗಿದೆ, ಗಾಡಿ ಅದೇ ಜಾಗದಲ್ಲಿ ನಿಂತಿರುವಾಗಲೇ ಹೋಲಿಸಿ. ಒಂದೆರಡು ಅಡಿ ಮುಂದೆ ಸರಿದರೂ ಎಫ್‌ಎಂ ಸಿಗ್ನಲ್ ಬದಲಾಗುವುದರಿಂದ ಹೋಲಿಕೆ ತಪ್ಪುತ್ತದೆ.

ಪಿಲ್ಲರ್ ಬಿಚ್ಚುವುದು

ಇಲ್ಲಿ ಆತುರ ಬೇಡ. ಪಿಲ್ಲರ್ ಕವರ್ ಮೇಲೆ ಏರ್‌ಬ್ಯಾಗ್ ಎಂದು ಅಚ್ಚೊತ್ತಿದ್ದರೆ ಅದರ ಹಿಂದೆ ಕರ್ಟನ್ ಏರ್‌ಬ್ಯಾಗ್ ಇದೆ. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹತ್ತು ನಿಮಿಷ ಕಾಯಿರಿ. ಹಳದಿ ಬಣ್ಣದ ಕಪ್ಲರ್‌ಗಳನ್ನೂ ಹಳದಿ ವೈರ್ ಸುರುಳಿಯನ್ನೂ ಮುಟ್ಟಬೇಡಿ, ಮೀಟರ್ ಹಚ್ಚಬೇಡಿ.

ಬಾಗಿಲಿನ ರಬ್ಬರ್ ಬೀಡಿಂಗನ್ನು ಪಿಲ್ಲರ್ ಉದ್ದಕ್ಕೂ ಕೈಯಿಂದಲೇ ಎಳೆದು ಬಿಡಿಸಿ. ಆಮೇಲೆ ಕವರಿನ ಮೇಲ್ತುದಿಯಲ್ಲಿ ಪ್ಲಾಸ್ಟಿಕ್ ಟೂಲ್ ತೂರಿಸಿ ಗಾಡಿಯ ಒಳಮುಖಕ್ಕೆ ಎಳೆಯಿರಿ; ಮೊದಲ ಕ್ಲಿಪ್ ಟಕ್ ಎಂದು ಬಿಡುತ್ತದೆ, ಉಳಿದವು ಹಿಂದೆಯೇ. ಸ್ಕ್ರೂಡ್ರೈವರ್ ಬಳಸಿದರೆ ಕವರ್ ಅಂಚು ಗೀರುತ್ತದೆ. ಕೆಲವು ಏರ್‌ಬ್ಯಾಗ್ ಗಾಡಿಗಳಲ್ಲಿ ಕ್ಲಿಪ್ಪಿಗೆ ಒಂದು ಪ್ಲಾಸ್ಟಿಕ್ ಬಾಲ ಇರುತ್ತದೆ, ಏರ್‌ಬ್ಯಾಗ್ ಸಿಡಿದಾಗ ಕವರ್ ಹಾರಿ ಮುಖಕ್ಕೆ ಬಡಿಯದಿರಲಿ ಎಂದು. ಅದನ್ನು ಎಳೆದು ಹರಿಯಬೇಡಿ. 90 ಡಿಗ್ರಿ ತಿರುಗಿಸಿದರೆ ಸಾಮಾನ್ಯವಾಗಿ ಬಿಡುತ್ತದೆ. ಕವರ್ ಬುಡ ಡ್ಯಾಶ್‌ಬೋರ್ಡಿನೊಳಗೆ ಸಿಕ್ಕಿಕೊಂಡಿರುತ್ತದೆ, ಮೇಲಕ್ಕೆ ಎತ್ತಿದರೆ ಬರುತ್ತದೆ.

ಅರ್ತ್

ಆಂಟೆನಾ ಎಂದರೆ ಕಾಣುವ ತಂತಿ ಅರ್ಧ ಮಾತ್ರ. ಇನ್ನರ್ಧ ಗಾಡಿಯ ಬಾಡಿ. 100 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 3 ಮೀಟರ್, ಅದರ ಕಾಲು ಭಾಗ 75 ಸೆಂಟಿಮೀಟರ್. ಗಾಜಿನ ಮೇಲಿನ ಗಿಡ್ಡ ತಂತಿಗೆ ಎದುರಾಗಿ ಒಂದು ದೊಡ್ಡ ಲೋಹದ ಹರವು ಇದ್ದರೆ ಮಾತ್ರ ಆಂಪ್ಲಿಫೈಯರ್‌ಗೆ ತೂಗಿ ನೋಡಲು ಏನಾದರೂ ಸಿಗುತ್ತದೆ. ಇಲ್ಲವಾದರೆ ಅದು ಬೇರೆಲ್ಲಿಂದಲೋ, ಅಂದರೆ ಕೇಬಲ್ ಜಾಲರಿಯಿಂದ, ಸ್ಟೀರಿಯೊ ಬಾಡಿಯಿಂದ, ಚಾರ್ಜರ್ ವೈರಿನಿಂದ, ಆ ಇನ್ನರ್ಧವನ್ನು ಎರವಲು ತರುತ್ತದೆ. ಅವುಗಳ ಗದ್ದಲವನ್ನೂ ಜೊತೆಗೇ ತರುತ್ತದೆ.

ಹಾಗಾಗಿ ಅರ್ತ್ ವೈರ್ ಗಿಡ್ಡವಾಗಿರಬೇಕು: ಡಬ್ಬಿಯಿಂದ ಲೋಹಕ್ಕೆ 10–15 ಸೆಂಟಿಮೀಟರ್, ಅದಕ್ಕಿಂತ ಹೆಚ್ಚು ಬೇಡ. ಇಲ್ಲಿ ಎಷ್ಟೋ ಮಂದಿ ಎಡವುತ್ತಾರೆ. ಪಿಲ್ಲರ್‌ನಲ್ಲಿ ಬೋಲ್ಟ್ ಸಿಗಲಿಲ್ಲ ಎಂದು ಒಂದು ಮೀಟರ್ ವೈರ್ ಜೋಡಿಸಿ ಡ್ಯಾಶ್‌ಬೋರ್ಡ್ ಕೆಳಗೆ ಅರ್ತ್ ಕೊಡುತ್ತಾರೆ. ಮೀಟರ್ ಹಚ್ಚಿದರೆ ಸೊನ್ನೆ ಓಮ್ ತೋರಿಸುತ್ತದೆ, ಎಲ್ಲ ಸರಿ ಇದೆ ಅನಿಸುತ್ತದೆ. ಬಲ್ಬಿಗಾದರೆ ಅದು ಅರ್ತ್ ಹೌದು. 100 ಮೆಗಾಹರ್ಟ್ಸ್‌ಗೆ ಆ ಒಂದು ಮೀಟರ್ ವೈರೇ ಇನ್ನೊಂದು ಆಂಟೆನಾ.

ರಿಂಗ್ ಇರುವ ನಮೂನೆಯಾದರೆ ಪಿಲ್ಲರ್ ಮೇಲೆ ವೈರಿಂಗ್ ಹಿಡಿದಿಡಲು ಕಂಪನಿಯೇ ಹಾಕಿದ 10 ನಂಬರ್ ಬೋಲ್ಟ್ ಇದೆಯೇ ಹುಡುಕಿ. ಅದನ್ನು ಬಿಚ್ಚಿ, ರಿಂಗ್ ಕೂರುವ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಅಗಲ ಪೇಂಟನ್ನು ಉಪ್ಪು ಕಾಗದದಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ರಿಂಗ್ ಇಟ್ಟು ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಸುತ್ತ ಸ್ವಲ್ಪ ವ್ಯಾಸಲೀನ್ ಸವರಿ. ಮಂಗಳೂರು, ಕಾರವಾರದ ಉಪ್ಪುಗಾಳಿಗೆ ಬರಿ ಲೋಹ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಸೀಟ್ ಬೆಲ್ಟ್ ಬೋಲ್ಟನ್ನೂ ಏರ್‌ಬ್ಯಾಗ್ ಹಿಡಿದಿರುವ ಬೋಲ್ಟನ್ನೂ ಇದಕ್ಕೆ ಬಳಸಲೇಬೇಡಿ.

ಅಂಟಿರುವ ತಾಮ್ರದ ಹಾಳೆಯ ನಮೂನೆಯಾದರೆ ಪೇಂಟ್ ಕೆರೆಯಬೇಕಿಲ್ಲ. ಹಾಳೆಯೂ ಬಾಡಿಯೂ ನಡುವಿನ ಪೇಂಟ್ ಪದರವೂ ಸೇರಿ ಒಂದು ಕೆಪಾಸಿಟರ್ ಆಗುತ್ತದೆ, ಎಫ್‌ಎಂ ಅಲೆ ಅದರ ಮೂಲಕ ಸಲೀಸಾಗಿ ದಾಟುತ್ತದೆ. ಆದರೆ ಹಾಳೆ ಪೂರ್ತಿಯಾಗಿ, ಸುಕ್ಕಿಲ್ಲದೆ, ಚಪ್ಪಟೆ ಲೋಹಕ್ಕೆ ಅಂಟಿರಬೇಕು. ಪಿಲ್ಲರ್ ಕವರಿನ ಪ್ಲಾಸ್ಟಿಕ್ಕಿಗೆ ಅಂಟಿಸಿದರೆ ಅದು ಅಲಂಕಾರಕ್ಕಷ್ಟೇ.

ಅಂಟಿಸುವುದು, ಕೇಬಲ್ ಎಳೆಯುವುದು

ಗಾಜನ್ನು ಆಲ್ಕೊಹಾಲಿನಿಂದ ಎರಡು ಸಲ ಒರೆಸಿ, ಎರಡನೆಯ ಸಲ ಹೊಸ ಬಟ್ಟೆಯಿಂದ. ಡ್ಯಾಶ್‌ಬೋರ್ಡ್ ಪಾಲಿಶ್ ಹಾಕುವ ಗಾಡಿಗಳಲ್ಲಿ ಗಾಜಿನ ಒಳಬದಿಗೆ ಕಣ್ಣಿಗೆ ಕಾಣದ ಎಣ್ಣೆ ಪದರ ಕೂತಿರುತ್ತದೆ. ಅಂಟು ಮೂರು ತಿಂಗಳಿಗೆ ಬಿಡುವುದು ಅದರಿಂದಲೇ. ಉರಿಬಿಸಿಲಿನಲ್ಲಿ ಬೇಡ, ಗಾಜು ಬೆವರಿರುವ ಚಳಿ ಬೆಳಿಗ್ಗೆಯೂ ಬೇಡ. ನೆರಳಿನಲ್ಲಿ ಗಾಜು ಕೈಗೆ ಬೆಚ್ಚಗೆ ಹತ್ತಬೇಕು, ಅಷ್ಟೆ. ಮಾಸ್ಕಿಂಗ್ ಟೇಪಿನ ಗುರುತಿಗೆ ಸರಿಯಾಗಿ ಡಬ್ಬಿಯ ಕಡೆಯಿಂದ ಶುರುಮಾಡಿ ತುದಿಯ ಕಡೆಗೆ ಒತ್ತುತ್ತಾ ಹೋಗಿ. ಒಂದು ಸಲ ಅಂಟಿದ ತೆಳು ತಂತಿಯನ್ನು ಕಿತ್ತು ಮತ್ತೆ ಅಂಟಿಸಲು ಹೋದರೆ ಹರಿಯುತ್ತದೆ. ಒಂದು ದಿನ ಬಿಸಿಲಿಗೆ ನಿಲ್ಲಿಸದೆ ಬಿಡಿ.

ಕೇಬಲನ್ನು ಪಿಲ್ಲರ್‌ನಲ್ಲಿ ಈಗಾಗಲೇ ಇಳಿದಿರುವ ವೈರಿಂಗ್ ಜೊತೆಗೆ, ಏರ್‌ಬ್ಯಾಗಿನ ಹಿಂದಿನಿಂದ ಇಳಿಸಿ, ಪ್ರತಿ ಗೇಣಿಗೊಂದು ಟೈ ಹಾಕಿ. ಏರ್‌ಬ್ಯಾಗಿನ ಮುಂದೆ ಹಾಯಿಸಿದ ಕೇಬಲ್, ಅದು ಸಿಡಿಯುವ ಹೊತ್ತಿನಲ್ಲಿ ಅಡ್ಡ ಬರುತ್ತದೆ. ಏರ್‌ಬ್ಯಾಗ್ ಚೀಲಕ್ಕೆ ಟೈ ಬಿಗಿಯುವುದಂತೂ ಕೂಡದೇ ಕೂಡದು. ಗ್ಲೋವ್ ಬಾಕ್ಸ್ ಬಿಚ್ಚಿ ಅದರ ಹಿಂದಿನಿಂದ ಸ್ಟೀರಿಯೊ ತನಕ ತನ್ನಿ, ಬ್ಲೋವರ್ ಮೋಟರಿನಿಂದ ಆದಷ್ಟು ದೂರ. ಲೋಹದ ಅಂಚು ದಾಟುವಲ್ಲಿ ಬಟ್ಟೆ ಟೇಪ್ ಸುತ್ತಿ. ಉಳಿದ ಕೇಬಲನ್ನು ಬಿಗಿ ಸುರುಳಿ ಮಾಡದೆ ಸಡಿಲವಾಗಿ ಮಡಚಿಡಿ. ಚೂಪಾಗಿ ಮುರಿದರೆ ಒಳಗಿನ ನಿರೋಧಕ ಜಜ್ಜಿ ಪಿನ್ನಿನ ತಂತಿ ಜಾಲರಿಗೆ ತಾಗುತ್ತದೆ.

ಕರೆಂಟ್ ಕೊಡುವುದು ಸ್ಟೀರಿಯೊದ ನೀಲಿ ವೈರಿನಿಂದ. ರೇಡಿಯೊ ಹಾಕಿದಾಗ ಮಾತ್ರ ಅಲ್ಲಿ 12 ವೋಲ್ಟ್ ಬರುತ್ತದೆ, ಆರಿಸಿದಾಗ ಹೋಗುತ್ತದೆ. ಕೆಲವು ಸ್ಟೀರಿಯೊಗಳಲ್ಲಿ ನೀಲಿಯ ಬದಲು ನೀಲಿ-ಬಿಳಿ ಇರುತ್ತದೆ. ಬಣ್ಣ ನಂಬಬೇಡಿ, ಬ್ಯಾಟರಿ ಮತ್ತೆ ಜೋಡಿಸಿ ಮೀಟರ್ ಹಚ್ಚಿ ನೋಡಿ. ಕಂಪನಿ ಸ್ಟೀರಿಯೊದಲ್ಲಿ ಅಂಥ ವೈರ್ ಸಿಗದಿದ್ದರೆ ಕೀ ತಿರುಗಿಸಿದಾಗ ಬರುವ ಎಸಿಸಿ ಲೈನಿನಿಂದ 1 ಆಂಪ್ ಫ್ಯೂಸ್ ಮೂಲಕ ತೆಗೆದುಕೊಳ್ಳಿ. ಸದಾ ಜೀವಂತವಾಗಿರುವ ಹಳದಿ ವೈರಿಗೆ ಜೋಡಿಸಬೇಡಿ. ಆಂಪ್ಲಿಫೈಯರ್ 40 ಮಿಲಿಆಂಪ್ ಎಳೆದರೂ ದಿನಕ್ಕೆ ಸುಮಾರು 1 ಆಂಪ್-ಅವರ್ ಆಯಿತು. ಚಿಕ್ಕ ಕಾರಿನ 35 ಆಂಪ್-ಅವರ್ ಬ್ಯಾಟರಿ, ಗಾಡಿ ಎರಡು ವಾರ ನಿಂತರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಖಾಲಿಯಾಗಿರುತ್ತದೆ.

ನೀಲಿ ವೈರ್ ಜೋಡಿಸುವುದನ್ನೇ ಮರೆತರೆ ಆಂಟೆನಾ ಪೂರ್ತಿ ಸಾಯುವುದಿಲ್ಲ. ಹತ್ತಿರದ ಎರಡು ಮೂರು ಸ್ಟೇಷನ್ ಕುಂಟುತ್ತಾ ಬರುತ್ತವೆ. ಅದಕ್ಕೇ ಈ ತಪ್ಪು ಬೇಗ ಸಿಗುವುದಿಲ್ಲ, ಆಂಟೆನಾವೇ ಕಳಪೆ ಎಂದುಕೊಂಡು ಜನ ಇನ್ನೊಂದು ಕೊಳ್ಳುತ್ತಾರೆ.

ಗದ್ದಲ ಬಂದರೆ

ಎಂಜಿನ್ ಆರಿಸಿ, ಕೀ ಎಸಿಸಿಯಲ್ಲಿಟ್ಟು, ಗಾಡಿಯ ಎಲ್ಲ ಚಾರ್ಜರ್, ಡ್ಯಾಶ್‌ಕ್ಯಾಮ್, ಹೊರಗಿನ ಎಲ್‌ಇಡಿ ಬಲ್ಬು ತೆಗೆದು ಮೊದಲು ಕೇಳಿ. ಆಮೇಲೆ ಒಂದೊಂದಾಗಿ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಸ್ಟೇಷನ್ ಮಂಕಾಯಿತೋ ಅದೇ ಕಳ್ಳ. 12 ವೋಲ್ಟನ್ನು 5ಕ್ಕೆ ಇಳಿಸುವ ಅಗ್ಗದ ಯುಎಸ್‌ಬಿ ಚಾರ್ಜರುಗಳ ಗದ್ದಲ ಎಫ್‌ಎಂ ತನಕ ಹರಡುತ್ತದೆ. ಗಾಜಿನ ಆಂಟೆನಾಗೆ ಎಲ್ಲಕ್ಕಿಂತ ದೊಡ್ಡ ಶತ್ರು ಡ್ಯಾಶ್‌ಕ್ಯಾಮ್, ಯಾಕೆಂದರೆ ಎರಡಕ್ಕೂ ಒಂದೇ ಗಾಜು. ಡ್ಯಾಶ್‌ಕ್ಯಾಮ್ ವೈರನ್ನು ಡ್ರೈವರ್ ಬದಿಯ ಪಿಲ್ಲರಿನಿಂದ ಇಳಿಸಿ, ಆಂಟೆನಾ ಕೇಬಲ್ ಎಡಗಡೆಯಿಂದ ಇಳಿಯಲಿ. ಕ್ಯಾಮೆರಾದ ಹತ್ತಿರವೇ ಆ ವೈರನ್ನು ಫೆರೈಟ್ ಸುತ್ತ ಎರಡು ಮೂರು ಸುತ್ತು ಹಾಕಿ ಕ್ಲಿಪ್ ಮುಚ್ಚಿ. ಇನ್ನೊಂದು ಫೆರೈಟ್ ಚಾರ್ಜರ್ ತುದಿಗೆ.

ಆಕ್ಸಿಲರೇಟರ್ ತುಳಿದಂತೆ ಏರುವ ಕುಂಯ್ ಸದ್ದು ಬೇರೆ ಕಾಯಿಲೆ. ಆಂಟೆನಾ ಪ್ಲಗ್ ಕಿತ್ತ ಮೇಲೂ ಅದು ಬರುತ್ತಿದ್ದರೆ ಆಂಟೆನಾದ್ದಲ್ಲ, ಸ್ಟೀರಿಯೊದ ಕಪ್ಪು ಅರ್ತ್ ವೈರ್ ನೋಡಿ.

ಒಂದು ಸ್ಟೇಷನ್ ಮೇಲೆ ಇನ್ನೊಂದರ ಹಾಡು ತೇಲಿ ಬರುತ್ತಿದ್ದರೆ ಸಿಗ್ನಲ್ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಬೆಂಗಳೂರಿನಂಥ ಊರಿನಲ್ಲಿ ಟ್ರಾನ್ಸ್‌ಮಿಟರ್ ಗೋಪುರದ ಹತ್ತಿರ ಆಂಪ್ಲಿಫೈಯರ್ ಉಸಿರುಗಟ್ಟುತ್ತದೆ. ಸ್ಟೀರಿಯೊ ಮೆನುವಿನಲ್ಲಿ ಲೋಕಲ್ ಎಂಬ ಸೆಟ್ಟಿಂಗ್ ಹಾಕಿದರೆ ಸೀಕ್ ಮಾಡುವಾಗ, ಅಂದರೆ ಸ್ಟೇಷನ್ ತಾನಾಗಿ ಹುಡುಕಿಸುವಾಗ, ಗೊಂದಲ ತಪ್ಪುತ್ತದೆ. ಊರೊಳಗೇ ಓಡಾಡುವವರು ನೀಲಿ ವೈರಿಗೆ ಒಂದು ಚಿಕ್ಕ ಸ್ವಿಚ್ ಹಾಕಿಕೊಂಡು ಆಂಪ್ಲಿಫೈಯರ್ ಆರಿಸಿಡುವುದೂ ಉಂಟು.

ಕೊನೆಯ ಪರೀಕ್ಷೆ ರಸ್ತೆಯ ಮೇಲೆ. ಮೈಸೂರು ಕಡೆಗೆ ಹೊರಟರೆ ಬೆಂಗಳೂರಿನ 101.3 ಹಾಕಿಕೊಂಡು ಎಲ್ಲಿಯ ತನಕ ನಿಲ್ಲುತ್ತದೆ, ಮೈಸೂರಿನ 100.6 ಎಲ್ಲಿಂದ ಹಿಡಿಯುತ್ತದೆ ಗಮನಿಸಿ. ಹಾಸನದ ಕಡೆಯಾದರೆ 102.2, ಕೊಡಗಿನ ಕಡೆಯಾದರೆ ಮಡಿಕೇರಿಯ 103.1. ಶಿರಾಡಿ, ಚಾರ್ಮಾಡಿ ಇಳಿಯುವಾಗ ಹೋಲಿಸಬೇಡಿ. ಗುಡ್ಡದ ಮರೆಗೆ ಎಫ್‌ಎಂ ಬಾಗಿ ಬರುವುದಿಲ್ಲ. ಅಲ್ಲಿ ಸದ್ದು ಹೋದರೆ ನಿಮ್ಮ ಕೆಲಸದ ತಪ್ಪಲ್ಲ.

ಮುಂದೆಂದಾದರೂ ಕಲ್ಲು ಬಡಿದು ಗಾಜು ಬದಲಿಸಬೇಕಾದರೆ ಗ್ಲಾಸ್ ಹಾಕುವವರಿಗೆ ಪಿಲ್ಲರ್ ಒಳಗೆ ಆಂಟೆನಾ ಕೇಬಲ್ ಇದೆ ಎಂದು ಮೊದಲೇ ಹೇಳಿ. ಗಾಜಿಗೆ ಅಂಟಿದ ತಂತಿ ಹೋದಂತೆಯೇ ಲೆಕ್ಕ. ಡಬ್ಬಿ ಮತ್ತು ತಂತಿ ಸೇರಿಯೇ ಬರುವ ನಮೂನೆಯಾದರೆ ಹೊಸದೇ ಬೇಕು. ಕೇಬಲ್ ಎಳೆಯುವ ಕಷ್ಟವಾದರೂ ತಪ್ಪಲಿ ಎಂದರೆ, ಹಳೆಯ ಕೇಬಲ್ ಹೊರಗೆಳೆಯುವಾಗ ಅದರ ತುದಿಗೆ ಹೊಸದನ್ನು ಟೇಪಿನಿಂದ ಕಟ್ಟಿ ಜೊತೆಗೇ ಒಳಗೆ ಎಳೆದುಕೊಳ್ಳಿ.